ಕಾಲುನೋವು ಅಂತ ಅಡ್ಮಿಟ್ ಆದ ತಮ್ಮನಿಗೆ ಮೂರನೇ ದಿನ ಉಸಿರು ಕಟ್ಟಿತು: ಸಿಕಲ್ ಸೆಲ್ ಇರುವ ಹುಡುಗರ ಎದೆ ತೊಂದರೆ ಬಗ್ಗೆ ಗೊತ್ತಿದ್ದವರು ಹೇಳಿ

ಹಾಡಿಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಎಚ್.ಡಿ. ಕೋಟೆ ಕಡೆ, ಕಾಡಂಚಿನ ಹಾಡಿ. ಜೇನುಕುರುಬರು ನಾವು. ನನ್ನ ತಮ್ಮನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಸಿಕಲ್ ಸೆಲ್ ಕಾಯಿಲೆ ಇದೆ, ರಕ್ತದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ ಹುಟ್ಟು ಕಾಯಿಲೆ. ಕಾರ್ಡಿನಲ್ಲಿ ಎಸ್.ಎಸ್. ಅಂತ ಬರೆದಿದ್ದಾರೆ, ಅಂದರೆ ಅಪ್ಪ ಅವ್ವ ಇಬ್ಬರ ಕಡೆಯಿಂದಲೂ ಬಂದದ್ದು.

ಹೋದ ತಿಂಗಳು ಕಾಲೇಜಿನಿಂದ ಬರುವಾಗ ಮಳೆಯಲ್ಲಿ ಪೂರ್ತಿ ನೆಂದ. ಆವತ್ತು ರಾತ್ರಿಯೇ ಎರಡೂ ತೊಡೆ, ಸೊಂಟ ನೋವು ಶುರುವಾಯಿತು. ಇದು ನಮಗೆ ಹೊಸದಲ್ಲ, ವರ್ಷಕ್ಕೆ ಎರಡು ಮೂರು ಸಲ ಬರುತ್ತೆ. ಬೆಳಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಎದೆ ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು. ಡ್ರಿಪ್ ಹಾಕಿದರು, ನೋವಿನ ಇಂಜೆಕ್ಷನ್ ಕೊಟ್ಟರು. ಅವನು ಗೋಡೆ ಕಡೆ ತಿರುಗಿ ಮುದುರಿಕೊಂಡು ಮಲಗಿದವನು ಎರಡು ದಿನ ಹಾಗೇ ಇದ್ದ. ಮಲಗಿದ್ದಾನಲ್ಲ, ನೋವು ಕಡಿಮೆ ಆಗಿರಬೇಕು ಅಂತ ನಾನೂ ಸುಮ್ಮನಿದ್ದೆ.

ಮೂರನೇ ದಿನ ರಾತ್ರಿ ಜ್ವರ ಬಂತು. ಮಾತಾಡಿದರೆ ಅರ್ಧಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. "ಅಕ್ಕಾ, ಉಸಿರು ಕೆಳಗಡೆ ತನಕ ಹೋಗ್ತಾ ಇಲ್ಲ" ಅಂದ. ಹೋಗಿ ಹೇಳಿದೆ. ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟರು. ಬೆಳಗ್ಗೆ ಬೇರೆ ಡಾಕ್ಟರ್ ಬಂದು ಬೆರಳಿಗೆ ಆಕ್ಸಿಜನ್ ನೋಡುವ ಮೆಷಿನ್ ಹಾಕಿದರೆ 86. ಮತ್ತೆ ಎಕ್ಸ್‌ರೇ ತೆಗೆದರು. ಬಲಗಡೆ ಕೆಳಗೆ ಬೆಳ್ಳಗೆ ಆಗಿಹೋಗಿತ್ತು. ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ಆಕ್ಸಿಜನ್, ಎರಡು ಬಾಟಲ್ ರಕ್ತ, ಒಂಬತ್ತು ದಿನ. ಈಗ ಮನೆಯಲ್ಲಿದ್ದಾನೆ.

ಡಿಸ್ಚಾರ್ಜ್ ಚೀಟಿಯಲ್ಲಿ "ಅಕ್ಯೂಟ್ ಚೆಸ್ಟ್ ಸಿಂಡ್ರೋಮ್" ಅಂತ ಇದೆ. ಹಾಗಂದರೆ ನ್ಯುಮೋನಿಯಾನಾ? ಆಸ್ಪತ್ರೆಯಲ್ಲೇ ಅಂಟಿತಾ? ಮತ್ತೆ ಬರುತ್ತಾ? ಇನ್ನೊಂದು, ಮೂರು ಚೆಂಡು ಇರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದ್ದಾರೆ. ಊದಬೇಕಾ, ಎಳೀಬೇಕಾ ಅಂತಲೇ ಗೊತ್ತಾಗುತ್ತಿಲ್ಲ.

ನೈಟ್‌ಡ್ಯೂಟಿ ಸಿಸ್ಟರ್

ಎಳೀಬೇಕು ಕಣಮ್ಮ, ಊದಬಾರದು! ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಹತ್ತರಲ್ಲಿ ಎಂಟು ಜನ ಊದುತ್ತಾ ಕೂತಿರ್ತಾರೆ.

ನೆಟ್ಟಗೆ ಕೂರಿಸಿ. ಒಳಗಿರುವ ಗಾಳಿ ಪೂರ್ತಿ ಹೊರಗೆ ಬಿಡಲಿ. ಆಮೇಲೆ ಪೈಪನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ಎಳನೀರು ಹೀರುವ ಹಾಗೆ ನಿಧಾನಕ್ಕೆ ಎಳೆಯಲಿ. ಚೆಂಡು ಮೇಲೆದ್ದ ಮೇಲೆ ಎರಡು ಮೂರು ಸೆಕೆಂಡ್ ಹಿಡಿದು ಬಿಡಲಿ. ಒಂದು ಚೆಂಡೇ ಎದ್ದರೂ ಪರವಾಗಿಲ್ಲ. ರಭಸದಿಂದ ಎಳೆದು ಮೂರೂ ಎಬ್ಬಿಸೋದಕ್ಕಿಂತ ನಿಧಾನಕ್ಕೆ ಎಳೆದು ಹಿಡಿದಿಡೋದು ಮುಖ್ಯ. ಹತ್ತು ಸಲ ಎಳೆಯೋದು, ಎರಡು ಗಂಟೆ ಬಿಟ್ಟು ಮತ್ತೆ ಹತ್ತು. ನಿದ್ದೆ ಹೊತ್ತಲ್ಲಿ ಬೇಡ. ತಲೆ ಸುತ್ತಿದರೆ ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಲಿ.

ಡಬ್ಬಿಯನ್ನು ಕಪಾಟಿನ ಮೇಲೆ ಇಡಬೇಡಿ. ಮುಂದಿನ ಸಲ ಕಾಲುನೋವಿಗೆ ಅಂತ ಅಡ್ಮಿಟ್ ಆದರೂ ಬ್ಯಾಗಿನಲ್ಲಿ ತಗೊಂಡು ಹೋಗಿ.

ಮಕ್ಕಳ ಡಾಕ್ಟ್ರು

ಸಿಸ್ಟರ್ ಹೇಳಿದ್ದು ಸರಿ. ಈ ಡಬ್ಬಿ ಬಗ್ಗೆ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಮಾಡಿದ್ದರು, 1995ರಲ್ಲಿ ಪ್ರಕಟವಾಯಿತು. 8ರಿಂದ 21 ವರ್ಷದ ಸಿಕಲ್ ಸೆಲ್ ಮಕ್ಕಳು, ಎದೆ ಅಥವಾ ಬೆನ್ನು ನೋವಿಗೆ ಅಡ್ಮಿಟ್ ಆದವರು. ಡಬ್ಬಿ ಬಳಸಿದ 19 ಸಲದಲ್ಲಿ ಒಂದು ಸಲ ಮಾತ್ರ ಶ್ವಾಸಕೋಶಕ್ಕೆ ತೊಂದರೆ ಆಯಿತು. ಬಳಸದ 19ರಲ್ಲಿ ಎಂಟು ಸಲ ಆಯಿತು. ಅಷ್ಟು ಅಗ್ಗದ ಪ್ಲಾಸ್ಟಿಕ್ ಡಬ್ಬಿ! ಆದರೂ ನಮ್ಮ ಎಷ್ಟೋ ವಾರ್ಡ್‌ಗಳಲ್ಲಿ ಆಪರೇಷನ್ ಆದವರಿಗೆ ಮಾತ್ರ ಅಂದುಕೊಂಡಿದ್ದಾರೆ.

ಈಗ ನಿಮ್ಮ ಪ್ರಶ್ನೆ. ನ್ಯುಮೋನಿಯಾನಾ ಅಂದರೆ, ಹೌದೂ ಅನ್ನಬಹುದು, ಅಲ್ಲವೂ ಅನ್ನಬಹುದು. ಎಕ್ಸ್‌ರೇಯಲ್ಲಿ ಹೊಸದಾಗಿ ಬಿಳಿ ಮಚ್ಚೆ ಕಾಣುತ್ತೆ, ಜೊತೆಗೆ ಜ್ವರ, ಎದೆನೋವು, ಕೆಮ್ಮು, ಏದುಸಿರು, ಆಕ್ಸಿಜನ್ ಇಳಿಯೋದು ಇವುಗಳಲ್ಲಿ ಯಾವುದಾದರೂ ಇರುತ್ತೆ. ಸಿಕಲ್ ಸೆಲ್ ಇರುವವರಲ್ಲಿ ಹೀಗಾದರೆ ಈ ಹೆಸರು ಕೊಡ್ತೀವಿ. ಸೋಂಕು ಒಂದು ಕಾರಣ. ಆದರೆ ಅದೊಂದೇ ಅಲ್ಲ.

ನಿಮ್ಮ ತಮ್ಮನಿಗೆ ಏನಾಗಿರಬಹುದು ಅಂತ ಯೋಚಿಸಿ. ತೊಡೆ, ಸೊಂಟದ ಮೂಳೆಯೊಳಗೆ ರಕ್ತ ಕಟ್ಟಿ ಮಜ್ಜೆ ಸಾಯುತ್ತೆ. ಅದರ ಕೊಬ್ಬಿನ ಹನಿಗಳು ರಕ್ತದಲ್ಲಿ ತೇಲಿಕೊಂಡು ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಕಾಲಿನ ನೋವು ಎದೆಗೆ ಬರೋದು ಹೀಗೆ. ಇತ್ತ ಹುಡುಗ ನೋವಿಗೆ ಮುದುರಿಕೊಂಡು ಮೇಲುಮೇಲೆ ಉಸಿರಾಡ್ತಾ ಇರ್ತಾನೆ. ಶ್ವಾಸಕೋಶದ ಕೆಳಭಾಗ ಅರಳೋದೇ ಇಲ್ಲ, ಗಾಳಿ ಹೋದ ಬಲೂನಿನ ಹಾಗೆ ಅಂಟಿಕೊಳ್ಳುತ್ತೆ. ಅಲ್ಲಿ ಆಕ್ಸಿಜನ್ ಕಡಿಮೆ. ಆಕ್ಸಿಜನ್ ಕಡಿಮೆ ಆದ ಕಡೆ ಕೆಂಪು ಕಣಗಳು ಇನ್ನಷ್ಟು ಕುಡುಗೋಲಿನ ಹಾಗೆ ಬಾಗುತ್ತವೆ. ಬಾಗಿದವು ಸಣ್ಣ ನಾಳಗಳನ್ನು ಕಟ್ಟುತ್ತವೆ. ಕಟ್ಟಿದ ಮೇಲೆ ಆಕ್ಸಿಜನ್ ಇನ್ನೂ ಕಡಿಮೆ. ಒಮ್ಮೆ ಶುರುವಾದರೆ ಗಂಟೆಗಳಲ್ಲಿ ಕೈಮೀರಬಹುದು.

ಮೊದಲ ದಿನದ ಎಕ್ಸ್‌ರೇ ಚೆನ್ನಾಗಿತ್ತು ಅಂದಿರಲ್ಲ, ಅದು ಸುಳ್ಳಲ್ಲ. 2000ದಲ್ಲಿ ಅಮೆರಿಕದ 30 ಆಸ್ಪತ್ರೆಗಳು ಸೇರಿ 671 ಪ್ರಕರಣಗಳ ಲೆಕ್ಕ ಕೊಟ್ಟವು. ಹೆಚ್ಚುಕಮ್ಮಿ ಅರ್ಧ ಜನ ಬಂದಿದ್ದೇ ಬೇರೆ ಕಾರಣಕ್ಕೆ, ಮುಖ್ಯವಾಗಿ ನೋವಿಗೆ. ಅವರಿಗೆ ಎದೆ ತೊಂದರೆ ಕಾಣಿಸಿದ್ದು ಸರಾಸರಿ ಎರಡೂವರೆ ದಿನದ ಮೇಲೆ. ನಿಮ್ಮ ತಮ್ಮನಿಗೆ ಆದದ್ದು ಅದೇ.

ಹಾಡಿಅಕ್ಕ

ಮೇಡಂ, ಇದನ್ನು ಎರಡು ಸಲ ಓದಿದೆ. ಮೂರನೇ ದಿನ ಅನ್ನೋದು ಮೊದಲೇ ಗೊತ್ತಿರುವ ವಿಷಯ ಅಂತಾದರೆ, ಆ ರಾತ್ರಿ ಯಾಕೆ ಗ್ಯಾಸ್ ಅಂದರು?

ನೈಟ್‌ಡ್ಯೂಟಿ ಸಿಸ್ಟರ್

ನಮ್ಮ ಕಡೆಯಿಂದಲೂ ತಪ್ಪಾಗುತ್ತೆ, ಮುಚ್ಚಿಡಲ್ಲ. ರಾತ್ರಿ 40 ಬೆಡ್‌ಗೆ ಇಬ್ಬರೇ ಇರ್ತೀವಿ. "ಕಾಲುನೋವು ಪೇಷಂಟ್" ಅಂತ ಕೇಸ್‌ಶೀಟ್ ಮೇಲೆ ಇದ್ದರೆ ಕಣ್ಣು ಕಾಲಿನ ಮೇಲೇ ಇರುತ್ತೆ. ಹಾಗಾಗಿ ನೀವೇ ಕೇಳಿ: "ಸಿಸ್ಟರ್, ಸ್ಯಾಚುರೇಶನ್ ಎಷ್ಟಿದೆ ನೋಡಿ." ಬೆರಳಿನ ಮೆಷಿನ್ ತೋರಿಸುವ ಆಕ್ಸಿಜನ್ ಲೆಕ್ಕ ಅದು. ಸುಸ್ತು, ಸಂಕಟ ಅಂದರೆ ಯಾರೂ ಏಳಲ್ಲ. ಸ್ಯಾಚುರೇಶನ್ ಅಂದರೆ ಎದ್ದು ಬರ್ತಾರೆ.

ಲಂಡನ್ ಕನ್ನಡತಿ

ನಾನು ಹಾಸನದವಳು. ಇಲ್ಲಿ 11 ವರ್ಷದಿಂದ ನರ್ಸ್. ಇಲ್ಲಿ ಸಿಕಲ್ ಸೆಲ್ ಜಾಸ್ತಿ ಇರೋದು ಆಫ್ರಿಕಾ, ಕೆರಿಬಿಯನ್ ಮೂಲದವರಲ್ಲಿ. ಬರೀ ನಿಮ್ಮೂರಿನ ಆಸ್ಪತ್ರೆಯಲ್ಲಿ ಹೀಗಾಗುತ್ತೆ ಅಂತ ಅಂದುಕೊಳ್ಳಬೇಡಿ ಅಕ್ಕ.

2019ರ ಏಪ್ರಿಲ್‌ನಲ್ಲಿ ಉತ್ತರ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಇವಾನ್ ನೇಥನ್ ಸ್ಮಿತ್ ಅನ್ನುವ 21ರ ಹುಡುಗ ತೀರಿಕೊಂಡ. ಸಿಕಲ್ ಸೆಲ್ ಇತ್ತು. ಆಕ್ಸಿಜನ್ ಬೇಕು ಅಂತ ಕೇಳಿದರೆ ಬೇಡ ಅಂದಿದ್ದರಂತೆ. ಆಸ್ಪತ್ರೆಯ ಹಾಸಿಗೆಯಿಂದಲೇ 999ಕ್ಕೆ, ಅಂದರೆ ನಮ್ಮ 108 ಇದ್ದ ಹಾಗೆ, ಫೋನ್ ಮಾಡಿದ್ದ. ರಕ್ತ ಬದಲಾವಣೆ ಬೇಗ ಮಾಡಿದ್ದರೆ ಬದುಕುತ್ತಿದ್ದ ಅಂತ ವಿಚಾರಣೆಯಲ್ಲಿ ಬಂತು. ಆಮೇಲೆ 2021ರಲ್ಲಿ ಪಾರ್ಲಿಮೆಂಟಿನ ಸದಸ್ಯರ ಗುಂಪು ಒಂದು ವರದಿ ಹೊರಡಿಸಿತು. ಅದರ ಹೆಸರೇ "ಯಾರೂ ಕೇಳಿಸಿಕೊಳ್ಳುತ್ತಿಲ್ಲ".

ಇಲ್ಲಿನ ನಿಯಮದ ಪ್ರಕಾರ ನೋವಿಗೆ ಅಂತ ಬಂದವರಿಗೆ 30 ನಿಮಿಷದೊಳಗೆ ನೋವಿನ ಔಷಧಿ ಕೊಡಬೇಕು. ಪೇಪರ್ ಮೇಲೆ. ವಾಸ್ತವ ಬೇರೆ.

ಬೇವಿನಕಡ್ಡಿ

ನೋವಿನ ಇಂಜೆಕ್ಷನ್ ಅಂದ್ರೆ ಮಾರ್ಫಿನ್ ತಾನೇ? ಅದರಿಂದಲೇ ಉಸಿರು ಕಮ್ಮಿ ಆಗೋದು. ಡ್ರಿಪ್ ಸಾಕು, ನೀರು ಜಾಸ್ತಿ ಹೋದರೆ ರಕ್ತ ತೆಳ್ಳಗಾಗುತ್ತೆ.

ಮಕ್ಕಳ ಡಾಕ್ಟ್ರು

ಅರ್ಧ ಸರಿ ಇರುವ ಮಾತೇ ಜಾಸ್ತಿ ಅಪಾಯ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮಾರ್ಫಿನ್ ಜಾಸ್ತಿ ಆದರೆ ಉಸಿರಾಟ ನಿಧಾನ ಆಗೋದು ನಿಜ. ಆದರೆ ನೋವಿನ ಔಷಧಿ ಸಾಲದೇ ಹೋದರೂ ಹುಡುಗ ಆಳವಾಗಿ ಉಸಿರಾಡಲ್ಲ. ಪಕ್ಕೆಲುಬು ನೋಯುತ್ತಿರುವಾಗ ಯಾರು ಎದೆ ತುಂಬ ಉಸಿರು ಎಳೀತಾರೆ ಹೇಳಿ? ಎದ್ದು ಕೂರುವಷ್ಟು, ಚೆಂಡು ಎತ್ತುವಷ್ಟು ನೋವು ಇಳಿಯಬೇಕು. ತೂಕಡಿಸುವಷ್ಟು ಔಷಧಿ ಆಗಬಾರದು. ಇದಕ್ಕೆ ಗಂಟೆ ಗಂಟೆಗೂ ಹೋಗಿ ನೋಡೋದೇ ದಾರಿ.

ಡ್ರಿಪ್ ವಿಷಯದಲ್ಲಿ ನಮ್ಮ ಕಡೆ ಒಂದು ಮೋಹ ಇದೆ. ಬಾಟಲ್ ಮೇಲೆ ಬಾಟಲ್ ಏರಿಸಿದರೆ ಒಳ್ಳೆ ಚಿಕಿತ್ಸೆ ಅಂತ. ಮನೆಯವರೂ "ಇನ್ನೊಂದು ಗ್ಲೂಕೋಸ್ ಹಾಕಿ" ಅಂತಾರೆ. ವಾಂತಿಯಾಗಿ ನೀರು ಕಮ್ಮಿ ಆಗಿದ್ದರೆ ಕೊಡಲೇಬೇಕು. ಆದರೆ ಜಾಸ್ತಿಯಾದ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಯಲ್ಲಿ ಕುಡಿಯಲು ಆಗುತ್ತಿದ್ದರೆ ಕುಡಿಯಲಿ, ಒಳಗೆ ಹೋದದ್ದು ಎಷ್ಟು, ಮೂತ್ರ ಎಷ್ಟು ಅಂತ ಬರೆದಿಡಿ.

ಇನ್ನು ಎದೆ ತೊಂದರೆ ಶುರುವಾದ ಮೇಲೆ ಮಾಡೋದು: ಆಕ್ಸಿಜನ್, ಆಂಟಿಬಯಾಟಿಕ್, ರಕ್ತ. ಆಂಟಿಬಯಾಟಿಕ್ ಸಾಮಾನ್ಯವಾಗಿ ಎರಡು ಬಗೆ ಕೊಡ್ತೀವಿ. ಸೆಫ್ಟ್ರಿಯಾಕ್ಸೋನ್ ಜಾತಿಯದು ಒಂದು, ಅಜಿಥ್ರೋಮೈಸಿನ್ ಜಾತಿಯದು ಇನ್ನೊಂದು. ಯಾಕಂದ್ರೆ ಈ ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಅನ್ನುವ ರೋಗಾಣು ತುಂಬ ಸಿಗುತ್ತೆ. ಮೊದಲನೆಯದು ಅದಕ್ಕೆ ನಾಟಲ್ಲ.

ಕಾಫಿತೋಟ

ರಕ್ತದ ಬಗ್ಗೆ ಒಂದು ಡೌಟು ಡಾಕ್ಟ್ರೇ. ನನ್ನ ಅಕ್ಕನ ಮಗನಿಗೆ ಹಿಮೋಗ್ಲೋಬಿನ್ 9 ಇತ್ತು. ನಾವು ಇನ್ನೂ ಎರಡು ಬಾಟಲ್ ಹಾಕಿ, 12 ಆಗಲಿ ಅಂದೆವು. ಡಾಕ್ಟರ್ ಒಪ್ಪಲಿಲ್ಲ. ದುಡ್ಡಿನ ವಿಷಯ ಅಂದುಕೊಂಡು ಜಗಳ ಆಡಿದ್ವಿ.

ಮಕ್ಕಳ ಡಾಕ್ಟ್ರು

ಆ ಡಾಕ್ಟರ್ ಹತ್ತಿರ ಕ್ಷಮೆ ಕೇಳಿಬಿಡಿ ಪಾಪ! ಬಾಗಿದ ಕಣಗಳು ಒಳಗೆ ಹಾಗೇ ಇರುವಾಗ ಮೇಲಿಂದ ಸುರಿದು 10 ದಾಟಿಸಿದರೆ ರಕ್ತ ಗಟ್ಟಿಯಾಗುತ್ತೆ, ಮತ್ತೆ ನಾಳ ಕಟ್ಟುತ್ತೆ. ಹಿಮೋಗ್ಲೋಬಿನ್ ಕಮ್ಮಿ ಇದ್ದು ತೊಂದರೆ ಸಾಧಾರಣವಾಗಿದ್ದರೆ ಒಂದೆರಡು ಬಾಟಲ್ ಕೊಡೋದು. ತುಂಬ ಜೋರಾಗಿದ್ದರೆ, ಅಥವಾ ಹಿಮೋಗ್ಲೋಬಿನ್ ಮೊದಲೇ 9ರ ಆಸುಪಾಸು ಇದ್ದರೆ, ರಕ್ತ ಬದಲಾಯಿಸೋದು. ಅವನ ರಕ್ತ ತೆಗೀತಾ ಹೊಸದು ಕೊಡ್ತಾ ಹೋಗ್ತೀವಿ. ಕುಡುಗೋಲು ಜಾತಿಯ ಹಿಮೋಗ್ಲೋಬಿನ್ 30 ಶೇಕಡಾಕ್ಕಿಂತ ಕೆಳಗೆ ಬರಬೇಕು. ಇದಕ್ಕೆ ಮೆಷಿನ್ ಇದೆ. ಇಲ್ಲದ ಕಡೆ ಸಿರಿಂಜಿನಲ್ಲೇ ಮಾಡಿದ್ದೀವಿ. ಒಂದು ಸಲ ಬೆಳಗ್ಗೆ ಆರಕ್ಕೆ ಶುರು ಮಾಡಿ ಮುಗಿಯೋ ಹೊತ್ತಿಗೆ ಊಟದ ಹೊತ್ತೂ ಮೀರಿತ್ತು. ಕೈ ಬೆರಳು ಮಡಚಲು ಬರುತ್ತಿರಲಿಲ್ಲ. ಸಂಜೆ ಆ ಹುಡುಗಿ ಆಕ್ಸಿಜನ್ ಮಾಸ್ಕ್ ಸರಿಸಿ ಇಡ್ಲಿ ಕೇಳಿದಳು.

ಒಂದು ಮಾತು ಮರೆತೆ. ರಕ್ತ ಕೊಡುವ ಮೊದಲು "ಇವನಿಗೆ ಸಿಕಲ್ ಸೆಲ್ ಇದೆ, ಹಿಂದೆ ಇಷ್ಟು ಸಲ ರಕ್ತ ಹಾಕಿಸಿದ್ದೀವಿ" ಅಂತ ರಕ್ತನಿಧಿಗೆ ಹೇಳಿಸಿ. ಎ, ಬಿ, ಓ ಹೊಂದಿದರೆ ಸಾಲದು, ಬೇರೆ ಗುಂಪುಗಳನ್ನೂ ಹೊಂದಿಸಬೇಕಾಗುತ್ತೆ.

ಪೋಡಿನ ಮೇಷ್ಟ್ರು

ನಾನು ಚಾಮರಾಜನಗರ ಜಿಲ್ಲೆಯಲ್ಲಿ ಸೋಲಿಗರ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಎರಡು ವಿಷಯ ಹೇಳಬೇಕು.

ಮೊದಲನೆಯದು, ಇದು ಹೊಸ ಕಾಯಿಲೆ ಅಲ್ಲ. ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಗುರುತಿಸಿ ಬರೆದದ್ದು 1952ರಲ್ಲಿ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ಮಿಷನ್ ಶುರುವಾಗಿದ್ದು 2023ರ ಜುಲೈ 1ಕ್ಕೆ, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. 17 ರಾಜ್ಯ, ಕರ್ನಾಟಕವೂ ಒಂದು. ನಡುವೆ 71 ವರ್ಷ. ನನ್ನ ಶಾಲೆಯಲ್ಲಿ "ಸೋಮಾರಿ, ಆಟಕ್ಕೆ ಬರಲ್ಲ" ಅಂತ ನಾನೇ ಬೈದ ಹುಡುಗನೊಬ್ಬ ಇದ್ದ. ಓಡಿದರೆ ಎದೆ ಹಿಡಿದುಕೊಳ್ಳುತ್ತಿದ್ದ. ಅವನಿಗೆ ಈ ಕಾಯಿಲೆ ಇದೆ ಅಂತ ಗೊತ್ತಾಗಿದ್ದು ಅವನು ಶಾಲೆ ಬಿಟ್ಟು ನಾಲ್ಕು ವರ್ಷವಾದ ಮೇಲೆ.

ಎರಡನೆಯದು. ಈ ಕಾಯಿಲೆಯನ್ನು ಪಾಶ್ಚಾತ್ಯ ವೈದ್ಯರು ಮೊದಲು ಕಂಡದ್ದೂ ಒಬ್ಬ ವಿದ್ಯಾರ್ಥಿಯಲ್ಲೇ. ವಾಲ್ಟರ್ ಕ್ಲೆಮೆಂಟ್ ನೋಯೆಲ್, ಗ್ರೆನಡಾ ದ್ವೀಪದವನು, ಹಲ್ಲಿನ ಡಾಕ್ಟರ್ ಆಗಲು ಷಿಕಾಗೋಗೆ ಹೋಗಿದ್ದ. 1904ರ ಕೊನೆಯಲ್ಲಿ ಕೆಮ್ಮು ಜ್ವರ ಅಂತ ಆಸ್ಪತ್ರೆ ಸೇರಿದ. ಅರ್ನೆಸ್ಟ್ ಐರನ್ಸ್ ಅನ್ನುವ ಕಿರಿಯ ಡಾಕ್ಟರ್ ಅವನ ರಕ್ತದಲ್ಲಿ ಬಾಗಿದ ಕಣ ನೋಡಿದ. ಅವನ ಮೇಲಿನ ಜೇಮ್ಸ್ ಹೆರಿಕ್ 1910ರಲ್ಲಿ ಪ್ರಕಟಿಸಿದ. ನೋಯೆಲ್ ಓದು ಮುಗಿಸಿ ಊರಿಗೆ ಹೋಗಿ ಹಲ್ಲಿನ ಡಾಕ್ಟರೇ ಆದ. 1916ರಲ್ಲಿ, 32ನೇ ವಯಸ್ಸಿಗೆ, ನ್ಯುಮೋನಿಯಾದಿಂದ ತೀರಿಕೊಂಡ ಅಂತ ದಾಖಲೆ. ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಅನ್ನುವ ಹೆಸರು ಬಂದದ್ದೇ 1979ರಲ್ಲಿ. ಅಲ್ಲಿತನಕ ಎಷ್ಟು ಜನರಿಗೆ ಬರೀ ನ್ಯುಮೋನಿಯಾ ಅಂತ ಬರೆದಿರಬಹುದು?

ಕಾಫಿತೋಟ

ನಮ್ಮ ಕಡೆ ನ್ಯುಮೋನಿಯಾ ಅಲ್ಲ ಮೇಷ್ಟ್ರೇ, ಟಿ.ಬಿ. ಅಂತಾರೆ. ಹಾಡಿ ಹುಡುಗ, ಒಣಕಲು, ಕೆಮ್ಮು, ಎಕ್ಸ್‌ರೇಯಲ್ಲಿ ಮಚ್ಚೆ. ಕಫ ಪರೀಕ್ಷೆಯಲ್ಲಿ ಏನೂ ಇಲ್ಲದಿದ್ದರೂ ನಮ್ಮ ಲೈನ್‌ಮನೆಯ ಒಬ್ಬನಿಗೆ ಆರು ತಿಂಗಳು ಮಾತ್ರೆ ನುಂಗಿಸಿದರು. ಟಿ.ಬಿ.ಯೂ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಸಿಕಲ್ ಸೆಲ್ ಕಾರ್ಡ್ ತೋರಿಸದೇ ಇದ್ದದ್ದು ನಮ್ಮ ತಪ್ಪು.

ಬೇವಿನಕಡ್ಡಿ

ಹೈಡ್ರಾಕ್ಸಿಯೂರಿಯಾ ಅಂತ ಕೊಡ್ತಾರಲ್ಲ, ಅದು ಕ್ಯಾನ್ಸರ್ ಔಷಧಿ. 17ರ ಹುಡುಗನಿಗೆ ಕೊಟ್ಟರೆ ಮುಂದೆ ಮಕ್ಕಳಾಗಲ್ಲ. ನಮ್ಮಲ್ಲಿ ಕಷಾಯ ಕೊಡೋರಿದ್ದಾರೆ, ಬೇಕಿದ್ದರೆ ನಂಬರ್ ಕೊಡ್ತೀನಿ.

ನೈಟ್‌ಡ್ಯೂಟಿ ಸಿಸ್ಟರ್

ನಂಬರ್ ಬೇಡಪ್ಪ.

ಮಕ್ಕಳ ಡಾಕ್ಟ್ರು

ಕ್ಯಾನ್ಸರಿಗೂ ಕೊಡ್ತಾರೆ, ನಿಜ. ಇಲ್ಲಿ ಕೊಡುವ ಪ್ರಮಾಣ, ಉದ್ದೇಶ ಬೇರೆ. ಹುಟ್ಟಿದ ಮಗುವಿನಲ್ಲಿ ಇರುವಂಥ ಹಿಮೋಗ್ಲೋಬಿನ್ ಇದರಿಂದ ಮತ್ತೆ ಏರುತ್ತೆ, ಅದು ಇದ್ದಷ್ಟೂ ಕಣ ಬಾಗೋದು ಕಮ್ಮಿ. 1995ರಲ್ಲಿ 299 ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ, ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಲ್ಲಿ 51 ಜನಕ್ಕೆ ಎದೆ ತೊಂದರೆ ಬಂತು. ಔಷಧಿ ತಗೊಂಡವರಲ್ಲಿ 25 ಜನಕ್ಕೆ. ಆಮೇಲೆ ಒಂದೂವರೆ ವರ್ಷದೊಳಗಿನ ಕೂಸುಗಳ ಮೇಲೂ ಪ್ರಯೋಗ ಮಾಡಿದರು, 2011ರಲ್ಲಿ ಫಲಿತಾಂಶ ಬಂತು, ಅಲ್ಲೂ ಕಮ್ಮಿಯಾಯಿತು.

ಗಂಡುಮಕ್ಕಳಲ್ಲಿ ವೀರ್ಯದ ಎಣಿಕೆ ಇಳಿಯಬಹುದು, ಇದನ್ನು ಮುಚ್ಚಿಡಬಾರದು. ಮದುವೆ ವಿಷಯ ಬಂದಾಗ ಡಾಕ್ಟರ್ ಹತ್ತಿರ ಮಾತಾಡಿ. ಹೆಣ್ಣುಮಕ್ಕಳು ಗರ್ಭಿಣಿ ಆಗುವ ಮೊದಲೇ ಹೇಳಬೇಕು. ಬಿಳಿ ಕಣ ಇಳಿಯುತ್ತಾ ಅಂತ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಕೆಲಸ ಮಾಡಲು ತಿಂಗಳುಗಳು ಹಿಡಿಯುತ್ತೆ, ನೋವು ಬಂದ ದಿನ ಮಾತ್ರ ನುಂಗಿದರೆ ಉಪಯೋಗ ಇಲ್ಲ. ಒಮ್ಮೆ ಎದೆ ತೊಂದರೆ ಬಂದ ಹುಡುಗನಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಅವನಿಗೆ ಈ ಮಾತ್ರೆ ಬೇಡ ಅನ್ನೋಕೆ ಗಟ್ಟಿ ಕಾರಣ ಬೇಕು.

ತಾಳವಾಡಿ ಅಮ್ಮ

ನನ್ನ ಮಗಳಿಗೆ 12. ಸಿಕಲ್ ಸೆಲ್ ಜೊತೆಗೆ ಉಬ್ಬಸವೂ ಇದೆ. ಚಳಿಗಾಲ ಬಂದರೆ ಎದೆಯಲ್ಲಿ ಕುಯ್ ಕುಯ್. ರಾತ್ರಿ ದೊಡ್ಡವರ ಹಾಗೆ ಗೊರಕೆ ಹೊಡೀತಾಳೆ. ಇನ್‌ಹೇಲರ್ ಅಭ್ಯಾಸ ಆಗುತ್ತೆ ಅಂತ ನಮ್ಮತ್ತೆ ಬಿಡಲ್ಲ.

ಮಕ್ಕಳ ಡಾಕ್ಟ್ರು

ತಾಯಿ, ಇನ್‌ಹೇಲರ್ ನಿಲ್ಲಿಸಬೇಡಿ. ಉಬ್ಬಸ ಇರುವ ಸಿಕಲ್ ಸೆಲ್ ಮಕ್ಕಳಿಗೆ ಈ ಎದೆ ತೊಂದರೆ ಜಾಸ್ತಿ ಸಲ ಬರುತ್ತೆ. ಗೊರಕೆ ಅಂದಿರಲ್ಲ, ಅದನ್ನೂ ತೋರಿಸಿ. ಗಂಟಲಿನ ಗಡ್ಡೆ, ಅಂದರೆ ಟಾನ್ಸಿಲ್, ದಪ್ಪ ಆಗಿದ್ದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಆಕ್ಸಿಜನ್ ಇಳಿಯುತ್ತೆ. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಅಂಗಳಕ್ಕೆ ಕಳಿಸಿ, ಮುಲಾಜು ಬೇಡ. ಚಳಿ ಅಂತ ಒಲೆ ಪಕ್ಕದಲ್ಲೇ ಮಲಗಿಸಬೇಡಿ.

ಸ್ಟೆರಾಯ್ಡ್ ಮಾತ್ರೆ, ಇಂಜೆಕ್ಷನ್ ಮಾತ್ರ ಸುಮ್ಸುಮ್ನೆ ಕೊಡಿಸಬೇಡಿ. ಎದೆ ತೊಂದರೆ ಬೇಗ ಇಳಿದ ಹಾಗೆ ಕಾಣುತ್ತೆ, ನಿಲ್ಲಿಸಿದ ಮೇಲೆ ನೋವು ತಿರುಗಿ ಬಂದು ಮತ್ತೆ ಅಡ್ಮಿಟ್ ಆಗ್ತಾರೆ. ಉಬ್ಬಸ ಜೋರಾಗಿದ್ದಾಗ ಬೇಕಾಗಬಹುದು. ಅದನ್ನು ಡಾಕ್ಟರ್ ತೀರ್ಮಾನ ಮಾಡಲಿ.

ಕಾಫಿತೋಟ

ಅಕ್ಕನ ಮಗನಿಗೆ ಈಗ 24. ಜ್ವರ ಇಲ್ಲ, ಕೆಮ್ಮಿಲ್ಲ. ಆದರೆ ಮೊದಲು ತೋಟದ ಏರು ಒಂದೇ ಉಸಿರಿಗೆ ಹತ್ತುತ್ತಿದ್ದವನು ಈಗ ಎರಡು ಕಡೆ ಕೂತು ಹೋಗ್ತಾನೆ. ರಕ್ತ ಕಮ್ಮಿ ಅಂತ ಬಿಟ್ಟಿದ್ದೀವಿ.

ಮಕ್ಕಳ ಡಾಕ್ಟ್ರು

ಬಿಡಬೇಡಿ. ಹೃದಯದ ಎಕೋ, ಅಂದರೆ ಸ್ಕ್ಯಾನ್, ಮಾಡಿಸಿ. ವರ್ಷಗಟ್ಟಲೆ ಕಣಗಳು ಒಡೆದು ಒಡೆದು ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗುತ್ತವೆ, ಅಲ್ಲಿ ಬಿ.ಪಿ. ಏರುತ್ತೆ. ತೋಳಿನ ಬಿ.ಪಿ. ನೋಡಿದರೆ ಇದು ಗೊತ್ತಾಗಲ್ಲ. ಎಕೋದಲ್ಲಿ ಬಂದ ಸಂಖ್ಯೆ ಬರೀ ಸುಳಿವು. ಖಚಿತ ಆಗಬೇಕಾದರೆ ತೊಡೆ ಅಥವಾ ಕುತ್ತಿಗೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಅಳೆಯಬೇಕು. ಈ ಬಿ.ಪಿ.ಗೆ ಬೇರೆಯವರಿಗೆ ಕೊಡುವ ಸಿಲ್ಡೆನಾಫಿಲ್ ಅನ್ನು ಸಿಕಲ್ ಸೆಲ್‌ನವರಿಗೂ ಕೊಟ್ಟು ನೋಡಿದ್ದರು. ನೋವಿನ ದಾಳಿ ಜಾಸ್ತಿ ಆಗಿ 2009ರಲ್ಲಿ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಹಾಗಾಗಿ ಅಂಗಡಿಯಲ್ಲಿ ಕೇಳಿ ತರಬೇಡಿ.

ಲಂಡನ್ ಕನ್ನಡತಿ

ಹಾಡಿಅಕ್ಕ, ಒಂದು ಕೆಲಸ ಮಾಡಿ. ತಮ್ಮ ಆರಾಮಾಗಿರುವಾಗ ಸ್ಯಾಚುರೇಶನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಅಂತ ಕಾರ್ಡಿನ ಹಿಂದೆ ಬರೆಸಿ. ಕೆಲವರಿಗೆ ಮಾಮೂಲಿಯೇ 94 ಇರುತ್ತೆ, ಕೆಲವರಿಗೆ 98. 98 ಇದ್ದವನಿಗೆ 94 ಬಂದರೆ ಗಾಬರಿ ಆಗಬೇಕು. ಮಾಮೂಲಿ ಎಷ್ಟು ಅಂತ ಗೊತ್ತಿಲ್ಲದ ಹೊಸ ಡಾಕ್ಟರ್ "94 ಪರವಾಗಿಲ್ಲ" ಅಂತ ಹೋಗಿಬಿಡ್ತಾರೆ. ಕಪ್ಪು ಮೈಯವರಿಗೆ ಆ ಬೆರಳಿನ ಮೆಷಿನ್ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು. ಮೆಷಿನ್ ಚೆನ್ನಾಗಿದೆ ಅಂದರೂ ಹುಡುಗ ಉಸಿರಿಗೆ ಒದ್ದಾಡುತ್ತಿದ್ದರೆ ಹುಡುಗನನ್ನೇ ನಂಬಿ.

ಹಾಡಿಅಕ್ಕ

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಸಬ್‌ಸೆಂಟರ್‌ಗೆ ಹೋಗಿ ನೋಡಿಸಿದೆ, ಸ್ಯಾಚುರೇಶನ್ 96. ಹಿಮೋಗ್ಲೋಬಿನ್ 8.4 ಅಂತ ಡಿಸ್ಚಾರ್ಜ್ ಚೀಟಿಯಲ್ಲಿದೆ. ಎರಡನ್ನೂ ಕಾರ್ಡಿನ ಹಿಂದೆ ಸ್ಕೆಚ್ ಪೆನ್ನಲ್ಲಿ ಬರೆದು ಟೇಪ್ ಅಂಟಿಸಿದ್ದೀನಿ.

ಡಬ್ಬಿ ಎಳೀತಿದ್ದಾನೆ. ಹಾಡಿಯ ಸಣ್ಣ ಮಕ್ಕಳೆಲ್ಲ ಸುತ್ತ ಕೂತು ಎಣಿಸ್ತಾರೆ. ಎರಡು ಚೆಂಡು ನಿಲ್ಲುತ್ತೆ. ಮೂರನೆಯದು ಅಲ್ಲಾಡುತ್ತೆ ಅಷ್ಟೇ. ಅವ್ವ ಒಂದು ಸಲ ಎಳೆದು ಮೂರೂ ಎಬ್ಬಿಸಿಬಿಟ್ಟಳು, ಅದಕ್ಕೆ ಅವನಿಗೆ ಸಿಟ್ಟು.

ಹೈಡ್ರಾಕ್ಸಿಯೂರಿಯಾ ಒಂದು ತಿಂಗಳಿಗೆ ಕೊಟ್ಟಿದ್ದಾರೆ, ಇನ್ನು ಆರು ದಿನಕ್ಕಿದೆ. ತಾಲ್ಲೂಕಿನಲ್ಲಿ ಸ್ಟಾಕ್ ಇರುತ್ತಾ, ಮೈಸೂರಿಗೇ ಹೋಗಬೇಕಾ? ನಮ್ಮ ಕಡೆಯಿಂದ ಬಸ್ಸು ದಿನಕ್ಕೆ ಎರಡೇ.

ನೈಟ್‌ಡ್ಯೂಟಿ ಸಿಸ್ಟರ್

ಬಸ್ ಹತ್ತಬೇಡಿ ಈಗಲೇ. ನಿಮ್ಮ ಆಶಾ ಕಾರ್ಯಕರ್ತೆ ಹತ್ತಿರ ಹೇಳಿ ತಾಲ್ಲೂಕು ಫಾರ್ಮಸಿಗೆ ಫೋನ್ ಮಾಡಿಸಿ. ಇಲ್ಲ ಅಂದರೆ ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ, ಇಲ್ಲಿ ಬಂದು ಹಾಕಿ. ಮಾತ್ರೆ ಮುಗಿಯೋ ದಿನದ ತನಕ ಕಾಯಬೇಡಿ, ಇವತ್ತೇ ಮಾಡಿಸಿ. ರಕ್ತ ಪರೀಕ್ಷೆ ಚೀಟಿನೂ ಜೊತೆಗಿರಲಿ, ಅದಿಲ್ಲದೆ ಮುಂದಿನ ತಿಂಗಳದ್ದು ಕೊಡಲ್ಲ.